ಪಿಎಸ್5, ಎಕ್ಸ್‌ಬಾಕ್ಸ್, ಸ್ವಿಚ್: ನಾಲ್ಕು ವರ್ಷಕ್ಕೆ ನಿಜವಾಗಿ ಎಷ್ಟು ಖರ್ಚು?

“ಯಾವ ಕನ್ಸೋಲ್ ಕಮ್ಮಿಗೆ ಬರುತ್ತೆ?” ಎಂದು ಕೇಳುವವರು ನಿಜದಲ್ಲಿ ಕೇಳುತ್ತಿರುವುದು ಅಂಗಡಿಯಲ್ಲಿ ಆ ದಿನ ಎಷ್ಟು ಕೊಡಬೇಕು ಎಂದು. ಆ ಪ್ರಶ್ನೆಗೆ ಉತ್ತರ ಬಿಲ್ಲಿನಲ್ಲೇ ಇರುತ್ತದೆ. ಆದರೆ ಕನ್ಸೋಲ್, ಅಂದರೆ ಟಿವಿಗೆ ಜೋಡಿಸಿ ಆಡುವ ಗೇಮ್ ಪೆಟ್ಟಿಗೆ, ಹಸು ಕಟ್ಟಿದ ಹಾಗೆ. ಸಂತೆಯಲ್ಲಿ ಕೊಟ್ಟ ದುಡ್ಡು ಒಂದು ಸಲದ್ದು, ಹುಲ್ಲು ಹಿಂಡಿ ದಿನದ್ದು. ಇಲ್ಲಿ ಹುಲ್ಲು ಹಿಂಡಿ ಎಂದರೆ ಆಟಗಳು, ಚಂದಾ, ಎಸ್‌ಎಸ್‌ಡಿ (ಆಟ ತುಂಬಿಡುವ ಸ್ಟೋರೇಜ್), ಕಂಟ್ರೋಲರ್, ಕರೆಂಟು, ರಿಪೇರಿ. ಕಡಿಮೆ ಬೆಲೆಯ ಪೆಟ್ಟಿಗೆ ತಂದವರೇ ನಾಲ್ಕು ವರ್ಷದಲ್ಲಿ ಹೆಚ್ಚು ದುಡ್ಡು ಸುರಿದಿರುವುದು ಅಪರೂಪವೇನಲ್ಲ. ಏಕೆ ಹಾಗಾಗುತ್ತದೆ, ನಿಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ತಿಳಿಯಲು ಒಂದು ಸಂಜೆ ಕೂತು ಲೆಕ್ಕ ಹಾಕಿದರೆ ಸಾಕು.

ಒಂದು ಮಾತು ಮೊದಲೇ. ಇಲ್ಲಿ ಕೊಟ್ಟ ಮುಖ್ಯ ದರಗಳ ಜೊತೆ ವರ್ಷವನ್ನೂ ಬರೆದಿದೆ. ಬೆಲೆ ಬದಲಾಗುತ್ತಲೇ ಇರುತ್ತದೆ, ಆದ್ದರಿಂದ ನೀವು ಲೆಕ್ಕ ಹಾಕುವ ದಿನದ ದರ ಹಾಕಿಕೊಳ್ಳಿ. ಲೆಕ್ಕದ ದಾರಿ ಮಾತ್ರ ಅದೇ.

ಕೂರುವ ಮುನ್ನ ಕೈಯಲ್ಲಿರಬೇಕಾದದ್ದು

ಕಳೆದ ಮೂರು ತಿಂಗಳ ಕರೆಂಟ್ ಬಿಲ್, ನಿಮ್ಮ ಇಂಟರ್ನೆಟ್ ಪ್ಲಾನಿನ ವಿವರ (ವೇಗ ಎಷ್ಟು, ತಿಂಗಳಿಗೆ ಎಷ್ಟು ಜಿಬಿ), ಟಿವಿಯ ಮಾಡೆಲ್ ನಂಬರ್, ಮತ್ತು ನೀವು ಖಂಡಿತ ಆಡಬೇಕೆಂದಿರುವ ಐದು ಆಟಗಳ ಪಟ್ಟಿ. ಕೊನೆಯದನ್ನು ತಮಾಷೆ ಅಂದುಕೊಳ್ಳಬೇಡಿ. ಐದು ಹೆಸರು ಬರೆಯಲಾಗದಿದ್ದರೆ ಕನ್ಸೋಲ್ ಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಹಂತ 1: ನಾಲ್ಕು ಸಂಖ್ಯೆ ಬರೆದುಕೊಳ್ಳಿ

ದಿನಕ್ಕೆ ಸರಾಸರಿ ಎಷ್ಟು ಗಂಟೆ ಆಡುತ್ತೀರಿ. ವರ್ಷಕ್ಕೆ ಎಷ್ಟು ಹೊಸ ಆಟ ಮುಗಿಸುತ್ತೀರಿ (ಕೊಳ್ಳುವುದಲ್ಲ, ಮುಗಿಸುವುದು). ಆನ್‌ಲೈನಿನಲ್ಲಿ ಬೇರೆಯವರ ಜೊತೆ ಆಡುವುದುಂಟೋ ಇಲ್ಲವೋ. ಮನೆಯಲ್ಲಿ ಒಂದೇ ಪೆಟ್ಟಿಗೆಯಲ್ಲಿ ಎಷ್ಟು ಜನ ಆಡುತ್ತಾರೆ.

ಮೊದಲ ಸಂಖ್ಯೆಯನ್ನು ಎಲ್ಲರೂ ಹೆಚ್ಚಿಸಿಯೇ ಹೇಳುತ್ತಾರೆ. ಕೆಲಸಕ್ಕೆ ಹೋಗುವವರಿಗೆ ಭಾನುವಾರವೂ ಸೇರಿ ದಿನಕ್ಕೆ ಒಂದೂವರೆ ಗಂಟೆ ಹಿಡಿದರೆ ಸರಿಯಾದೀತು. ನಾಲ್ಕು ವರ್ಷಕ್ಕೆ ಅದು 2,190 ಗಂಟೆ. ಮುಂದಿನ ಲೆಕ್ಕವೆಲ್ಲ ಇದರ ಮೇಲೇ ಇದೆ.

ಹಂತ 2: ಪೆಟ್ಟಿಗೆಯ ಬೆಲೆ

ಹಳೆಯ ಕಾಲದ ನಂಬಿಕೆಯೊಂದಿದೆ: ಎರಡು ವರ್ಷ ಕಾದರೆ ಬೆಲೆ ಇಳಿಯುತ್ತದೆ. ಹಿಂದಿನ ತಲೆಮಾರುಗಳಲ್ಲಿ ಅದು ನಿಜವಾಗಿತ್ತು, ಈ ತಲೆಮಾರಿನಲ್ಲಿ ತಲೆಕೆಳಗಾಗಿದೆ. ಪಿಎಸ್5 (ಸೋನಿಯ ಪ್ಲೇಸ್ಟೇಷನ್ 5) ಭಾರತಕ್ಕೆ 2021ರ ಫೆಬ್ರುವರಿ 2ರಂದು ಬಂದಾಗ ಡಿಸ್ಕ್ ಹಾಕಿ ಆಡುವ ಡಿಸ್ಕ್ ಮಾಡೆಲ್ ₹49,990, ಡಿಸ್ಕ್ ಇಲ್ಲದೆ ಇಂಟರ್ನೆಟ್ಟಿನಿಂದಲೇ ಆಟ ಇಳಿಸುವ ಡಿಜಿಟಲ್ ಮಾಡೆಲ್ ₹39,990 ಇತ್ತು. 2022ರ ನವೆಂಬರ್‌ನಲ್ಲಿ ಎರಡೂ ಐದೈದು ಸಾವಿರ ಏರಿದವು. 2024ರ ಏಪ್ರಿಲ್‌ನಲ್ಲಿ ತೆಳು ಮಾಡೆಲ್ ಸ್ಲಿಮ್ ಬಂದದ್ದೂ ಅದೇ ₹54,990 ಮತ್ತು ₹44,990ಕ್ಕೆ. ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ 2020ರ ನವೆಂಬರ್‌ನಲ್ಲಿ ₹49,990ಕ್ಕೆ, ಸೀರೀಸ್ ಎಸ್ ₹34,990ಕ್ಕೆ ಬಂದವು, ಆಮೇಲೆ ಅವೂ ಏರಿದವು. ಅಮೆರಿಕದಲ್ಲಂತೂ 2025ರಲ್ಲಿ ಪಿಎಸ್5, ಎಕ್ಸ್‌ಬಾಕ್ಸ್ ಎರಡರ ಬೆಲೆಯೂ ಮೇಲೆ ಹೋಯಿತು. ಕಾಯುವುದಾದರೆ ಹಬ್ಬದ ಸೇಲಿಗೆ ಕಾಯಿರಿ. ವರ್ಷಗಟ್ಟಲೆ ಕಾದು ಪ್ರಯೋಜನವಿಲ್ಲ.

ಹೆಚ್ಚು ಶಕ್ತಿಯ ಮಾಡೆಲ್ ಆದ ಪಿಎಸ್5 ಪ್ರೋ ಬಗ್ಗೆ ಕೇಳುವವರಿಗೆ: 2024ರ ನವೆಂಬರ್‌ನಲ್ಲಿ ಅದು ಬಿಡುಗಡೆಯಾದಾಗ ಭಾರತವನ್ನು ಬಿಟ್ಟಿದ್ದರು. ಅದರ ವೈಫೈ ಬಳಸುವ 6 ಗಿಗಾಹರ್ಟ್ಸ್ ತರಂಗಾಂತರಕ್ಕೆ ಇಲ್ಲಿ ಆಗ ಅನುಮತಿ ಇರಲಿಲ್ಲ. ಹೊರದೇಶದಿಂದ ತರಿಸಿದ ಪ್ರೋ ಕೊಂಡರೆ ಇಲ್ಲಿನ ವಾರಂಟಿ ಸಿಗುವುದಿಲ್ಲ, ಡಿಸ್ಕ್ ಡ್ರೈವ್ ಕೂಡ ಬೇರೆಯಾಗಿ ಕೊಳ್ಳಬೇಕು.

ಹಂತ 3: ಡಿಸ್ಕಾ, ಡಿಜಿಟಲ್ಲಾ? ಇದೇ ಮುಖ್ಯ ತಿರುವು

ಪಿಎಸ್5ನಲ್ಲಿ ಎರಡು ಮಾಡೆಲ್‌ಗಳ ನಡುವೆ 2024ರ ದರದಲ್ಲಿ ₹10,000 ಅಂತರ ಇತ್ತು. “ಹತ್ತು ಸಾವಿರ ಉಳಿಯಿತಲ್ಲ” ಎಂದು ಡಿಜಿಟಲ್ ತೆಗೆದುಕೊಂಡವರು ಮುಂದೆ ಪ್ರತಿ ಆಟಕ್ಕೂ ಒಂದೇ ಅಂಗಡಿಗೆ ಹೋಗಬೇಕು: ಕನ್ಸೋಲಿನೊಳಗಿನ ಪ್ಲೇಸ್ಟೇಷನ್ ಸ್ಟೋರ್. ಅಲ್ಲಿ ಹೊಸ ದೊಡ್ಡ ಆಟ ₹4,999ರ ಆಸುಪಾಸು ಇರುತ್ತದೆ. ಆಡಿ ಮುಗಿದ ಮೇಲೆ ಅದನ್ನು ಮಾರಲಾಗದು, ಗೆಳೆಯನಿಗೆ ಎರವಲು ಕೊಡಲಾಗದು.

ಡಿಸ್ಕ್ ಇದ್ದರೆ ಹೀಗೆ: ಹೊಸ ಆಟ ₹4,999ಕ್ಕೆ ತಂದು ಒಂದೂವರೆ ತಿಂಗಳಲ್ಲಿ ಮುಗಿಸಿ ಅರ್ಧ ಬೆಲೆಗೆ ಮಾರಿದರೆ ಆಟದ ನಿಜವಾದ ಖರ್ಚು ಸುಮಾರು ₹2,500. ಆ ಲೆಕ್ಕದಲ್ಲಿ ನಾಲ್ಕು ಆಟ ಮಾರುವಷ್ಟರಲ್ಲಿ ಹತ್ತು ಸಾವಿರ ವಾಪಸ್. ಡಿಜಿಟಲ್ ಕೊಳ್ಳುವವರು ಸೇಲಿಗೆ ಕಾದು ಅರ್ಧ ಬೆಲೆಗೆ ಕೊಳ್ಳುತ್ತಾರೆ ಎಂದೇ ಇಟ್ಟುಕೊಳ್ಳಿ, ಅವರ ಖರ್ಚೂ ₹2,500. ವ್ಯತ್ಯಾಸ ಇಷ್ಟೇ: ಒಬ್ಬರು ಬಿಡುಗಡೆಯ ವಾರವೇ ಆಡಿದರು, ಇನ್ನೊಬ್ಬರು ಒಂದು ವರ್ಷ ಕಾದರು. ನಿಮಗೆ ಕಾಯುವ ತಾಳ್ಮೆ ಇದ್ದರೆ ಡಿಜಿಟಲ್ ದಡ್ಡತನವಲ್ಲ. ತಾಳ್ಮೆ ಇಲ್ಲದವರಿಗೆ ಅದು ದುಬಾರಿ.

ಎಡವುವ ಜಾಗಗಳು:

– ವರ್ಷಕ್ಕೊಮ್ಮೆ ಬರುವ ಫುಟ್‌ಬಾಲ್, ಬಾಸ್ಕೆಟ್‌ಬಾಲ್ ಆಟಗಳ ಡಿಸ್ಕ್ ಮರುವರ್ಷದ ಆವೃತ್ತಿ ಬಂದ ದಿನವೇ ಹಳಸಲು. ಮಾರುವುದಾದರೆ ಅದಕ್ಕೆ ಎರಡು ತಿಂಗಳ ಮೊದಲೇ ಮಾರಿ.

– ಡಿಸ್ಕ್ ಹಾಕಿದರೂ ಆಟ ಪೂರ್ತಿ ಒಳಗಿನ ಎಸ್‌ಎಸ್‌ಡಿಗೆ ಇನ್‌ಸ್ಟಾಲ್ ಆಗುತ್ತದೆ. ಡಿಸ್ಕ್ ಬರೀ ಬೀಗದ ಕೈ. ಆದ್ದರಿಂದ “ಡಿಸ್ಕ್ ಇದ್ದರೆ ಜಾಗ ಉಳಿಯುತ್ತೆ” ಎಂಬುದು ಸುಳ್ಳು.

– ಡಬ್ಬಿಯೊಳಗಿನ ಹೆಚ್ಚುವರಿ ಕೋಡ್ ಒಂದೇ ಸಲ ಬಳಸಬಹುದು. ಸೆಕೆಂಡ್ ಹ್ಯಾಂಡ್ ಡಿಸ್ಕಿನಲ್ಲಿ ಅದು ಖರ್ಚಾಗಿರುತ್ತದೆ ಎಂದೇ ತಿಳಿಯಿರಿ.

– ದುಬೈನಿಂದಲೋ ಅಮೆರಿಕದಿಂದಲೋ ನೆಂಟರು ತಂದ ಪಿಎಸ್5 ಡಿಸ್ಕ್ ಇಲ್ಲಿನ ಕನ್ಸೋಲಿನಲ್ಲಿ ಓಡುತ್ತದೆ. ಆದರೆ ಆ ಆಟಕ್ಕೆ ಆಮೇಲೆ ಕೊಳ್ಳುವ ಹೆಚ್ಚುವರಿ ಭಾಗ, ಅಂದರೆ ಡಿಎಲ್‌ಸಿ, ಡಿಸ್ಕಿನ ದೇಶದ ಅಕೌಂಟಿನಲ್ಲೇ ಕೊಂಡದ್ದಾಗಿರಬೇಕು. ಭಾರತದ ಅಕೌಂಟಿನಲ್ಲಿ ಕೊಂಡದ್ದು ಹೊಂದಿಕೊಳ್ಳದೆ ದುಡ್ಡು ನೀರಿಗೆ ಹಾಕಿದಂತಾಗುತ್ತದೆ.

– ಸ್ಲಿಮ್ ಡಿಜಿಟಲ್ ತಂದು ಆಮೇಲೆ ಡ್ರೈವ್ ಸೇರಿಸಬಹುದು ನಿಜ. ಮೊದಲ ಸಲ ಜೋಡಿಸುವಾಗ ಇಂಟರ್ನೆಟ್ ಬೇಕೇ ಬೇಕು. ಹಳೆಯ ದಪ್ಪ ಡಿಜಿಟಲ್ ಮಾಡೆಲ್‌ಗೆ ಡ್ರೈವ್ ಸೇರಿಸುವ ಅವಕಾಶವೇ ಇಲ್ಲ.

ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡಿಸ್ಕ್ ಡ್ರೈವ್ ಇಲ್ಲ, ಮುಂದೆ ಸೇರಿಸಲೂ ಆಗದು. ಅದರ ಕಡಿಮೆ ಬೆಲೆಯ ಒಂದು ಕಾರಣ ಇದೇ.

ಹಂತ 4: ಚಂದಾ

ತಿಂಗಳಿಗೆ ಸಣ್ಣ ಮೊತ್ತ ಎನಿಸುವ ಈ ಬಾಬತ್ತು ನಾಲ್ಕು ವರ್ಷದಲ್ಲಿ ಎರಡನೇ ಕನ್ಸೋಲಿನ ಬೆಲೆ ಮುಟ್ಟಬಹುದು.

ಪ್ಲೇಸ್ಟೇಷನ್ ಪ್ಲಸ್‌ನಲ್ಲಿ ಭಾರತಕ್ಕೆ ಮೂರು ದರ್ಜೆ. 2023ರ ಸೆಪ್ಟೆಂಬರ್ ಏರಿಕೆಯ ನಂತರ ವರ್ಷಕ್ಕೆ ಎಸೆನ್ಷಿಯಲ್ ₹3,949, ಎಕ್ಸ್‌ಟ್ರಾ ₹6,699, ಡೀಲಕ್ಸ್ ₹7,599. ಎಸೆನ್ಷಿಯಲ್ ಅಂದರೆ ಆನ್‌ಲೈನ್ ಆಡುವ ಹಕ್ಕು, ತಿಂಗಳಿಗೆ ಕೆಲವು ಆಟ, ಸೇವ್ ಮಾಡಿದ್ದನ್ನು ಕ್ಲೌಡ್‌ನಲ್ಲಿ ಇಡುವ ಅನುಕೂಲ. ಎಕ್ಸ್‌ಟ್ರಾದಲ್ಲಿ ನೂರಾರು ಆಟಗಳ ಭಂಡಾರ ಸೇರುತ್ತದೆ. ಡೀಲಕ್ಸ್‌ನಲ್ಲಿ ಹಳೆಯ ಆಟಗಳು ಮತ್ತು ಹೊಸ ಆಟಗಳನ್ನು ಒಂದೆರಡು ಗಂಟೆ ಪರೀಕ್ಷಿಸಿ ನೋಡುವ ಸೌಲಭ್ಯ. ಹೆಚ್ಚಿನವರಿಗೆ ಡೀಲಕ್ಸ್ ಬೇಡ.

ತಿಂಗಳ ಲೆಕ್ಕದಲ್ಲಿ ಕಟ್ಟಬೇಡಿ. ಅದೇ 2023ರ ದರದಲ್ಲಿ ಎಸೆನ್ಷಿಯಲ್ ತಿಂಗಳಿಗೆ ₹499ರಂತೆ ಹನ್ನೆರಡು ತಿಂಗಳು ಕಟ್ಟಿದರೆ ₹5,988. ವರ್ಷದ ಚಂದಾಕ್ಕಿಂತ ಎರಡು ಸಾವಿರಕ್ಕೂ ಹೆಚ್ಚು. ನವೆಂಬರ್‌ನಲ್ಲಿ ವರ್ಷದ ಚಂದಾಕ್ಕೆ ರಿಯಾಯಿತಿ ಬರುವುದು ವಾಡಿಕೆ, ಆಗ ಕಟ್ಟಿ, ಕಟ್ಟಿದ ತಕ್ಷಣ ಆಟೊ ರಿನ್ಯೂವಲ್ ಆಫ್ ಮಾಡಿ. ಆಫ್ ಮಾಡಿದರೂ ಅವಧಿ ಮುಗಿಯುವವರೆಗೆ ಚಂದಾ ನಡೆಯುತ್ತದೆ.

ಎಕ್ಸ್‌ಬಾಕ್ಸ್ ಗೇಮ್ ಪಾಸ್ ಒಂದು ಕಾಲಕ್ಕೆ ಇಡೀ ಗೇಮಿಂಗ್ ಲೋಕದ ಅಗ್ಗದ ವ್ಯವಹಾರವಾಗಿತ್ತು. 2025ರ ಅಕ್ಟೋಬರ್‌ನಲ್ಲಿ ಅಲ್ಟಿಮೇಟ್ ದರ್ಜೆ ತಿಂಗಳಿಗೆ ₹829ರಿಂದ ₹1,389ಕ್ಕೆ ಹಾರಿತು. ಆಗ ಅದರ ಕೆಳಗೆ ಪ್ರೀಮಿಯಂ ₹699, ಎಸೆನ್ಷಿಯಲ್ ₹499 ಇತ್ತು. ಅಲ್ಟಿಮೇಟ್‌ನ ಆಕರ್ಷಣೆ ಒಂದೇ: ಮೈಕ್ರೋಸಾಫ್ಟ್‌ನ ಹೊಸ ಆಟಗಳು ಬಿಡುಗಡೆಯ ದಿನವೇ ಸಿಗುತ್ತವೆ. ನಿಮ್ಮ ಐದು ಆಟಗಳ ಪಟ್ಟಿಯಲ್ಲಿ ಅಂಥವು ವರ್ಷಕ್ಕೆ ಮೂರು ನಾಲ್ಕು ಇಲ್ಲದಿದ್ದರೆ ಅಲ್ಟಿಮೇಟ್ ನಷ್ಟ. ಆ ದರದಲ್ಲಿ ವರ್ಷಕ್ಕೆ ₹16,668 ಆಗುತ್ತದೆ, ಅಷ್ಟರಲ್ಲಿ ಮೂರು ಹೊಸ ಆಟ ಸ್ವಂತಕ್ಕೇ ಬರುತ್ತವೆ.

ನಿಂಟೆಂಡೊ ಸ್ವಿಚ್ ಆನ್‌ಲೈನ್ ವರ್ಷಕ್ಕೆ 19.99 ಡಾಲರ್. ಕುಟುಂಬದ ಚಂದಾ 34.99 ಡಾಲರ್, ಎಂಟು ಅಕೌಂಟ್‌ವರೆಗೆ ನಡೆಯುತ್ತದೆ.

ಇಲ್ಲಿ ಹೆಚ್ಚಿನವರು ಮಾಡುವ ತಪ್ಪು: ಚಂದಾ ಬೇಡದ ಕಡೆಯೂ ಕಟ್ಟುವುದು. ಒಬ್ಬರೇ ಕಥೆ ಆಡುವ ಆಟಗಳಿಗೆ ಯಾವ ಚಂದಾವೂ ಬೇಡ. ಫೋರ್ಟ್‌ನೈಟ್, ರಾಕೆಟ್ ಲೀಗ್‌ನಂಥ ಪುಕ್ಕಟೆ ಆಟಗಳನ್ನು ಆನ್‌ಲೈನ್ ಆಡಲೂ ಬೇಡ. ಎಕ್ಸ್‌ಬಾಕ್ಸ್‌ನಲ್ಲಿ ಮಾತ್ರ 2021ರವರೆಗೆ ಅದಕ್ಕೂ ಚಂದಾ ಬೇಕಿತ್ತು, ಈಗಿಲ್ಲ. ಹುಡುಗ ಫೋರ್ಟ್‌ನೈಟ್ ಮಾತ್ರ ಆಡುವ ಮನೆಯಲ್ಲಿ ವರ್ಷವರ್ಷ ಚಂದಾ ಕಟ್ಟುವುದು ವ್ಯರ್ಥ.

ಚಂದಾ ನಿಂತ ದಿನ ಅದರ ಮೂಲಕ ಸಿಕ್ಕ ಆಟಗಳಿಗೂ ಬೀಗ ಬೀಳುತ್ತದೆ ಎಂಬುದು ನೆನಪಿರಲಿ. ಅವು ಬಾಡಿಗೆಯವು.

ಮನೆಯಲ್ಲಿ ಇಬ್ಬರು ಮೂವರು ಆಡುವವರಿದ್ದರೆ ಒಬ್ಬರ ಅಕೌಂಟಿನಲ್ಲಿ ಮಾತ್ರ ಕೊಳ್ಳಿ. ಪಿಎಸ್5ನಲ್ಲಿ ಕನ್ಸೋಲ್ ಶೇರಿಂಗ್ ಎಂಬ ಸೆಟ್ಟಿಂಗ್, ಎಕ್ಸ್‌ಬಾಕ್ಸ್‌ನಲ್ಲಿ ಹೋಮ್ ಎಕ್ಸ್‌ಬಾಕ್ಸ್. ಇದನ್ನು ಆನ್ ಮಾಡಿದರೆ ಆ ಪೆಟ್ಟಿಗೆಯಲ್ಲಿ ಉಳಿದವರೂ ತಮ್ಮ ಅಕೌಂಟಿನಿಂದ ಅದೇ ಆಟ, ಅದೇ ಆನ್‌ಲೈನ್ ಸೌಲಭ್ಯ ಬಳಸಬಹುದು. ಅಣ್ಣತಮ್ಮಂದಿರು ಬೇರೆ ಬೇರೆ ಚಂದಾ ಕಟ್ಟುವ ಅಗತ್ಯವಿಲ್ಲ.

ಹಂತ 5: ಜಾಗ

ಪೆಟ್ಟಿಗೆಯ ಮೇಲೆ ಬರೆದ ಜಿಬಿ ಪೂರ್ತಿ ನಿಮಗೆ ಸಿಗದು. ಸೀರೀಸ್ ಎಸ್‌ನ 512 ಜಿಬಿಯಲ್ಲಿ ಆಟಕ್ಕೆ ಉಳಿಯುವುದು ಸುಮಾರು 364 ಜಿಬಿ. ಮೊದಲ ಪಿಎಸ್5ನ 825ರಲ್ಲಿ 667, ಸೀರೀಸ್ ಎಕ್ಸ್‌ನ 1 ಟಿಬಿಯಲ್ಲಿ 802. ಈಗಿನ ದೊಡ್ಡ ಆಟ 100 ಜಿಬಿ ದಾಟುವುದು ಮಾಮೂಲು. ಅಂದರೆ ಸೀರೀಸ್ ಎಸ್‌ನಲ್ಲಿ ಮೂರು ದೊಡ್ಡ ಆಟ, ಅಷ್ಟಕ್ಕೆ ಭರ್ತಿ.

ಪಿಎಸ್5ಗೆ ಕಂಪ್ಯೂಟರಿಗೆ ಹಾಕುವ ಮಾಮೂಲಿ ಎಂ.2 ಎಸ್‌ಎಸ್‌ಡಿ ಹಾಕಬಹುದು. ಮೂರು ವಿಷಯ ನೋಡಿಕೊಳ್ಳಿ: ಪಿಸಿಐಇ ನಾಲ್ಕನೇ ತಲೆಮಾರಿನದಾಗಿರಬೇಕು. ಓದುವ ವೇಗ ಸೆಕೆಂಡಿಗೆ 5,500 ಎಂಬಿ ಅಥವಾ ಹೆಚ್ಚಿರಬೇಕು. ಹೀಟ್‌ಸಿಂಕ್, ಅಂದರೆ ಬಿಸಿ ಹೀರುವ ಲೋಹದ ಪಟ್ಟಿ, ಇರಲೇಬೇಕು, ಅದನ್ನೂ ಸೇರಿಸಿ ದಪ್ಪ 11.25 ಮಿಲಿಮೀಟರ್ ಮೀರಬಾರದು. ಗೇಮಿಂಗ್ ಪಿಸಿಗೆಂದು ಮಾಡಿದ ಎತ್ತರದ ಹೀಟ್‌ಸಿಂಕ್ ತಂದರೆ ಗೂಡಿನ ಮುಚ್ಚಳ ಕೂರುವುದಿಲ್ಲ. ಹಾಕುವುದು ಹತ್ತು ನಿಮಿಷದ ಕೆಲಸ, ಒಂದು ಸ್ಕ್ರೂಡ್ರೈವರ್ ಸಾಕು, ವಾರಂಟಿಯೂ ಹೋಗುವುದಿಲ್ಲ.

ಎಕ್ಸ್‌ಬಾಕ್ಸ್‌ಗೆ ಅದರದ್ದೇ ಆದ ಕಾರ್ಡ್ ಬೇಕು. ಹಿಂದೆ ಸಿಕ್ಕಿಸಿದರೆ ಆಯಿತು, ಸ್ಕ್ರೂಡ್ರೈವರೂ ಬೇಡ. ಆದರೆ ಮಾಡುವ ಕಂಪನಿಗಳು ಬೆರಳೆಣಿಕೆಯಷ್ಟು, ಹಾಗಾಗಿ ಅಷ್ಟೇ ಜಿಬಿಗೆ ದರ ಹೆಚ್ಚು, ಇಲ್ಲಿ ಸಿಗುವುದೂ ಕಷ್ಟ. ಸ್ವಿಚ್ 2ಕ್ಕೆ ಮೈಕ್ರೋಎಸ್‌ಡಿ ಎಕ್ಸ್‌ಪ್ರೆಸ್ ಎಂಬ ಹೊಸ ಬಗೆಯ ಕಾರ್ಡೇ ಬೇಕು. ಹಳೆಯ ಸ್ವಿಚ್‌ನ ಕಾರ್ಡ್ ಹಾಕಿದರೆ ಆಟ ಓಡುವುದಿಲ್ಲ.

ದುಡ್ಡು ಉಳಿಸುವ ದಾರಿ: ಮನೆಯಲ್ಲಿ ಬಿದ್ದಿರುವ ಯುಎಸ್‌ಬಿ ಹಾರ್ಡ್ ಡಿಸ್ಕ್. ಅದರಿಂದ ಪಿಎಸ್5 ಆಟ ನೇರ ಆಡಲಾಗದು, ಆದರೆ ಅಲ್ಲಿ ಇಟ್ಟು ಬೇಕಾದಾಗ ಒಳಗೆ ನಕಲು ಮಾಡಿಕೊಳ್ಳಬಹುದು. ಪಿಎಸ್4 ಆಟಗಳಂತೂ ಅದರಿಂದಲೇ ಓಡುತ್ತವೆ. ಎಕ್ಸ್‌ಬಾಕ್ಸ್‌ನಲ್ಲೂ ಹಾಗೆಯೇ, ಹಳೆಯ ತಲೆಮಾರಿನ ಆಟಗಳು ನೇರ, ಹೊಸವು ನಕಲು ಮಾಡಿ.

ಹಂತ 6: ಕಂಟ್ರೋಲರ್

ನಾಲ್ಕು ವರ್ಷದಲ್ಲಿ ಒಂದು ಕಂಟ್ರೋಲರ್ ಕೆಡುತ್ತದೆ ಎಂದೇ ಬರೆದುಕೊಳ್ಳಿ. ಹೊಸದಕ್ಕೆ ₹5,000ದಿಂದ ₹6,500. ಕೆಡುವುದು ಹೆಚ್ಚಾಗಿ ಡ್ರಿಫ್ಟ್‌ನಿಂದ, ಅಂದರೆ ಕೈ ಬಿಟ್ಟರೂ ಕಡ್ಡಿ (ಹೆಬ್ಬೆರಳಿನಲ್ಲಿ ತಿರುಗಿಸುವ ಸ್ಟಿಕ್) ತಾನೇ ಒಂದು ಕಡೆ ಎಳೆಯುವುದು. ಕಡ್ಡಿಯ ಕೆಳಗಿನ ಪೊಟೆನ್ಶಿಯೋಮೀಟರ್‌ನಲ್ಲಿ ಉಜ್ಜಿ ಉಜ್ಜಿ ಪಟ್ಟಿ ಸವೆಯುತ್ತದೆ, ಧೂಳು ಸೇರಿದರೆ ಬೇಗ. ಮೊದಲು ಆಟದ ಸೆಟ್ಟಿಂಗಿನಲ್ಲಿ ಡೆಡ್‌ಝೋನ್ ಹೆಚ್ಚಿಸಿ ನೋಡಿ (ಸಣ್ಣ ಅಲುಗಾಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಹೇಳುವ ಆಯ್ಕೆ). ಸರಿಹೋಗದಿದ್ದರೆ, ವಾರಂಟಿ ಮುಗಿದಿದ್ದರೆ, ಮೊಬೈಲ್ ರಿಪೇರಿಯಲ್ಲಿ ಕೈ ಪಳಗಿದವರು ಆ ಭಾಗ ಮಾತ್ರ ಬೆಸುಗೆ ತೆಗೆದು ಬದಲಿಸಿ ಕೊಡುತ್ತಾರೆ. ಹೊಸದು ಕೊಳ್ಳುವುದಕ್ಕಿಂತ ಎಷ್ಟೋ ಕಡಿಮೆ. ಅಯಸ್ಕಾಂತದಿಂದ ಕೆಲಸ ಮಾಡುವ ಹಾಲ್ ಎಫೆಕ್ಟ್ ಭಾಗ ಹಾಕಿಸಿದರೆ ಸವೆತದ ಕಾಟವೇ ಇಲ್ಲ.

ಎಕ್ಸ್‌ಬಾಕ್ಸ್ ಕಂಟ್ರೋಲರಿಗೆ ಎರಡು ಎಎ ಸೆಲ್ ಬೇಕು. ಅಂಗಡಿಯ ಮಾಮೂಲಿ ಸೆಲ್ ಹಾಕುತ್ತಾ ಹೋಗಬೇಡಿ, ನಾಲ್ಕು ರೀಚಾರ್ಜ್ ಸೆಲ್ ಮತ್ತು ಚಾರ್ಜರ್ ತಂದಿಡಿ.

ಹಂತ 7: ಕರೆಂಟು, ಮತ್ತು ಅದು ಹೋದಾಗ

ಪಿಎಸ್5 ದೊಡ್ಡ ಆಟದಲ್ಲಿ ಸುಮಾರು 200 ವ್ಯಾಟ್ ಎಳೆಯುತ್ತದೆ. ಸೀರೀಸ್ ಎಕ್ಸ್ ಅದಕ್ಕಿಂತ ತುಸು ಕಡಿಮೆ. ಸೀರೀಸ್ ಎಸ್ 75ರ ಆಸುಪಾಸು. ಸ್ವಿಚ್ 2 ಟಿವಿಗೆ ಹಾಕಿದಾಗ 20. ಯೂನಿಟ್ ಲೆಕ್ಕ ಸುಲಭ: ವ್ಯಾಟ್ ಗುಣಿಸು ಗಂಟೆ, ಭಾಗಿಸು 1,000. ಕರ್ನಾಟಕದ ಮನೆ ದರ 2025–26ರಲ್ಲಿ ಯೂನಿಟ್ಟಿಗೆ ₹5.80 ಇತ್ತು. ಅದಕ್ಕೆ ಪಿಂಚಣಿ ಸರ್‌ಚಾರ್ಜ್, ತೆರಿಗೆ ಸೇರಿಸಿ ₹7 ಹಿಡಿಯಿರಿ. ದಿನಕ್ಕೆ ಒಂದೂವರೆ ಗಂಟೆಯಂತೆ ಪಿಎಸ್5ಗೆ ವರ್ಷಕ್ಕೆ 110 ಯೂನಿಟ್, ಸುಮಾರು ₹770. ಸೀರೀಸ್ ಎಸ್‌ಗೆ ₹290. ಹೆದರುವಂಥದ್ದೇನೂ ಇಲ್ಲ.

ಹೆದರಬೇಕಾದದ್ದು ಎರಡು.

ಮೊದಲನೆಯದು ಗೃಹಜ್ಯೋತಿ. ನಿಮ್ಮ 2022–23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಅಷ್ಟು ಯೂನಿಟ್ ಉಚಿತ, ಗರಿಷ್ಠ 200. ಅರ್ಹತೆ ಮೀರಿದರೆ ಮೀರಿದ ಯೂನಿಟ್ಟಿಗೆ ಕಟ್ಟಬೇಕು. ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಈಗ 190–195 ಯೂನಿಟ್ಟಿನಲ್ಲಿ ಓಡುತ್ತಿರುವ ಮನೆಗೆ ಪಿಎಸ್5 ತಿಂಗಳಿಗೆ 9 ಯೂನಿಟ್ ಸೇರಿಸಿದರೆ, ಟಿವಿಯ ಪಾಲೂ ಸೇರಿ ಗೆರೆ ದಾಟುವುದು ಖಚಿತ. ಆಗ ಆ ತಿಂಗಳ ಬಿಲ್ ಸಾವಿರ ದಾಟುತ್ತದೆ. ಮೂರು ತಿಂಗಳ ಬಿಲ್ ತೆಗೆದಿಡಿ ಎಂದದ್ದು ಇದಕ್ಕೇ.

ಎರಡನೆಯದು ನಿದ್ದೆಯ ಖರ್ಚು. ಎಕ್ಸ್‌ಬಾಕ್ಸ್ ಸ್ಲೀಪ್ ಮೋಡ್‌ನಲ್ಲಿ 10–13 ವ್ಯಾಟ್ ಎಳೆಯುತ್ತಲೇ ಇರುತ್ತದೆ. ದಿನಕ್ಕೆ 22 ಗಂಟೆಯಂತೆ ವರ್ಷಕ್ಕೆ ಹತ್ತಿರ ಹತ್ತಿರ 100 ಯೂನಿಟ್. ಸೀರೀಸ್ ಎಸ್ ಆಡಲು ತಿನ್ನುವ ಕರೆಂಟಿನ ಎರಡು ಪಟ್ಟಿಗಿಂತ ಹೆಚ್ಚು! ಸೆಟ್ಟಿಂಗಿನಲ್ಲಿ ಶಟ್‌ಡೌನ್, ಅಂದರೆ ಎನರ್ಜಿ ಸೇವಿಂಗ್ ಆಯ್ಕೆ ಮಾಡಿದರೆ ಅರ್ಧ ವ್ಯಾಟಿಗೆ ಇಳಿಯುತ್ತದೆ. ಅಪ್‌ಡೇಟ್ ಆಗಲೂ ಇದು ಅಡ್ಡಿಯಲ್ಲ.

ಇನ್ನು ಕರೆಂಟ್ ಹೋಗುವ ವಿಷಯ. ಅಪ್‌ಡೇಟ್ ನಡುವೆಯೋ ಸೇವ್ ಆಗುವಾಗಲೋ ಪವರ್ ಕಟ್ ಆದರೆ ಡೇಟಾ ಹಾಳಾಗಿ, ಸ್ಟೋರೇಜಿನ ಕಡತಗಳನ್ನು ಮತ್ತೆ ಜೋಡಿಸಬೇಕಾದೀತು. ಮನೆಯಲ್ಲಿ ಇನ್ವರ್ಟರ್ ಇದ್ದರೂ ಕನ್ಸೋಲ್ ಆಫ್ ಆಗುತ್ತದೆ ಎಂದು ಹಲವರು ದೂರುತ್ತಾರೆ. ಕಾರಣ ಲೈನಿನಿಂದ ಬ್ಯಾಟರಿಗೆ ಬದಲಾಗುವ ಗಳಿಗೆ. ಇನ್ವರ್ಟರ್ ಹಿಂದೆ ಅಥವಾ ಮುಂದೆ ಯುಪಿಎಸ್ ಮೋಡ್ ಎಂಬ ಸ್ವಿಚ್ ಇದ್ದರೆ ಆ ಕಡೆ ಹಾಕಿ, ಬದಲಾಯಿಸುವ ಸಮಯ ಕಡಿಮೆಯಾಗುತ್ತದೆ. ಇನ್ವರ್ಟರ್ ಶುದ್ಧ ಸೈನ್ ವೇವ್‌ನದ್ದಾಗಿರಲಿ. ಇನ್ವರ್ಟರ್ ಇಲ್ಲದ ಮನೆಗೆ ಕಂಪ್ಯೂಟರಿನ 600 ವಿಎ ಯುಪಿಎಸ್ ಸಾಕು. ಅದು ಸುಮಾರು 360 ವ್ಯಾಟ್ ತಡೆಯುತ್ತದೆ, ಪಿಎಸ್5 ಮತ್ತು 43 ಇಂಚಿನ ಟಿವಿ ಹೊರುತ್ತದೆ. ಐದು ನಿಮಿಷ ಸಿಕ್ಕರೆ ಸೇವ್ ಮಾಡಿ ಸರಿಯಾಗಿ ಆಫ್ ಮಾಡಲು ಅಷ್ಟೇ ಸಾಕು.

ಮಲೆನಾಡು, ಕರಾವಳಿಯವರು ಗುಡುಗು ಶುರುವಾದ ತಕ್ಷಣ ಪವರ್ ಪ್ಲಗ್ ಜೊತೆ ಲ್ಯಾನ್ ಕೇಬಲ್ಲು, ಎಚ್‌ಡಿಎಂಐ ಕೇಬಲ್ಲುಗಳನ್ನೂ ಕೀಳಿ. ಸಿಡಿಲಿನ ಹೊಡೆತ ಕೇಬಲ್ ಟಿವಿ ಅಥವಾ ಇಂಟರ್ನೆಟ್ ತಂತಿಯಿಂದ ಬಂದು ಟಿವಿ ಮೂಲಕ ಕನ್ಸೋಲಿನ ಎಚ್‌ಡಿಎಂಐ ಚಿಪ್ ಸುಡಬಹುದು. ಇಂಥ ಹಾನಿಗೆ ವಾರಂಟಿ ಸಿಗುವುದಿಲ್ಲ.

ಹಂತ 8: ಇಂಟರ್ನೆಟ್

100 ಜಿಬಿ ಆಟ 40 ಎಂಬಿಪಿಎಸ್ ಲೈನಿನಲ್ಲಿ ಐದೂವರೆ ಗಂಟೆ, 100 ಎಂಬಿಪಿಎಸ್‌ನಲ್ಲಿ ಎರಡೂಕಾಲು ಗಂಟೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿ ದಿನಕ್ಕೆ 2 ಜಿಬಿ ಪ್ಯಾಕಿನಲ್ಲಿ ಇಳಿಸಲು ಹೊರಟರೆ ಐವತ್ತು ದಿನ. ಬ್ರಾಡ್‌ಬ್ಯಾಂಡ್ ಬಾರದ ಊರಿನವರಿಗೆ ಡಿಜಿಟಲ್ ಕನ್ಸೋಲ್ ಹೊಂದುವುದೇ ಇಲ್ಲ. ಕನ್ಸೋಲಿಗಾಗಿಯೇ ಹೊಸ ಲೈನ್ ಹಾಕಿಸುವುದಾದರೆ ಆ ತಿಂಗಳ ಬಾಡಿಗೆಯನ್ನೂ ಲೆಕ್ಕಕ್ಕೆ ಸೇರಿಸಿ.

ಹಂತ 9: ಸ್ವಿಚ್ ಕೊಳ್ಳುವವರಿಗೆ ಪ್ರತ್ಯೇಕ ಮಾತು

ನಿಂಟೆಂಡೊ ಭಾರತದಲ್ಲಿ ಅಧಿಕೃತವಾಗಿ ಮಾರುವುದಿಲ್ಲ. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಲ್ಲಾಗಲಿ, ಆನ್‌ಲೈನಿನಲ್ಲಾಗಲಿ ಸಿಗುವುದು ಹೊರದೇಶದಿಂದ ತಂದ ಮಾಲು. 2025ರಲ್ಲಿ 449.99 ಡಾಲರಿಗೆ ಬಂದ ಸ್ವಿಚ್ 2ಕ್ಕೆ ಇಲ್ಲಿ ಅಂಗಡಿಯವರು ಹೇಳಿದ್ದೇ ದರ. ಬಿಲ್ಲಿನ ಮೇಲೆ “ಅಂಗಡಿ ವಾರಂಟಿ” ಎಂದಿದ್ದರೆ ಎಷ್ಟು ತಿಂಗಳು, ಪರದೆ ಸೇರುತ್ತದೋ ಇಲ್ಲವೋ ಎಂದು ಬರೆಸಿಕೊಳ್ಳಿ. ಚಾರ್ಜರ್ 100ರಿಂದ 240 ವೋಲ್ಟ್‌ವರೆಗೆ ನಡೆಯುತ್ತದೆ, ಪಿನ್ ಬದಲಿಸುವ ಅಡಾಪ್ಟರ್ ಮಾತ್ರ ಬೇಕು. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೆಂದು ಯಾರಾದರೂ ಮಾರಲು ಬಂದರೆ ಬೇಡವೆನ್ನಿ.

ಭಾರತದ ಹೆಸರಿನ ಇ-ಶಾಪ್ (ನಿಂಟೆಂಡೊದ ಆನ್‌ಲೈನ್ ಆಟದಂಗಡಿ) ಇಲ್ಲ, ಬೇರೆ ದೇಶದ ಅಕೌಂಟ್ ತೆರೆದು ಗಿಫ್ಟ್ ಕಾರ್ಡ್ ಕೊಂಡು ಬಳಸುವುದು ರೂಢಿ. ಕ್ರೆಡಿಟ್ ಕಾರ್ಡಿನಲ್ಲಿ ಡಾಲರ್ ಕೊಟ್ಟರೆ ಬ್ಯಾಂಕಿನ ವಿದೇಶಿ ವಿನಿಮಯ ಶುಲ್ಕ ಬೀಳುತ್ತದೆ, ಹಲವು ಕಾರ್ಡುಗಳಲ್ಲಿ ಶೇ 3.5, ಅದರ ಮೇಲೆ ಜಿಎಸ್‌ಟಿ. ನಿಂಟೆಂಡೊದ ಸ್ವಂತ ಆಟಗಳು ಸೇಲಿನಲ್ಲೂ ಹೆಚ್ಚು ಇಳಿಯುವುದಿಲ್ಲ. ಇದು ಕೊಳ್ಳುವಾಗ ಶಾಪ, ಮಾರುವಾಗ ವರ: ಎರಡು ವರ್ಷ ಹಳೆಯ ಕಾರ್ಟ್ರಿಜ್ಜಿಗೂ ಒಳ್ಳೆಯ ಬೆಲೆ ಬರುತ್ತದೆ. ಸ್ವಿಚ್ 2ರಲ್ಲಿ ಮಾತ್ರ ಡಬ್ಬಿಯ ಕೆಳಗೆ “ಗೇಮ್ ಕೀ ಕಾರ್ಡ್” ಎಂದಿದೆಯೇ ನೋಡಿ. ಇದ್ದರೆ ಕಾರ್ಟ್ರಿಜ್ಜಿನಲ್ಲಿ ಆಟ ಇಲ್ಲ, ಬರೀ ಕೀಲಿ ಇದೆ. ಪೂರ್ತಿ ಇಂಟರ್ನೆಟ್ಟಿನಿಂದ ಇಳಿಸಬೇಕು, ಜಾಗವೂ ಬೇಕು.

ಹಂತ 10: ಕೂಡಿಸಿ, ಕಳೆಯಿರಿ

ಪೆಟ್ಟಿಗೆ + ಕಂಟ್ರೋಲರ್ + ಸ್ಟೋರೇಜ್ + ಚಂದಾ + ಆಟ + ಕರೆಂಟು + ರಿಪೇರಿಗೆ ಎತ್ತಿಟ್ಟದ್ದು, ಅದರಲ್ಲಿ ಕೊನೆಗೆ ಮಾರಿದರೆ ಬರುವುದನ್ನು ಕಳೆಯಿರಿ. ಬಂದದ್ದನ್ನು 2,190 ಗಂಟೆಯಿಂದ ಭಾಗಿಸಿ. ನಾಲ್ಕು ವರ್ಷದ ಮಾದರಿ ಲೆಕ್ಕ ಕೆಳಗಿದೆ. ಮೇಲೆ ದರ ಕೊಡದ ಬಾಬತ್ತುಗಳು ಅಂದಾಜು.

ಪಿಎಸ್5 ಡಿಸ್ಕ್: ಪೆಟ್ಟಿಗೆ 54,990. ವರ್ಷಕ್ಕೆ ನಾಲ್ಕು ಹೊಸ ಆಟ, ಅರ್ಧ ಬೆಲೆಗೆ ಮಾರಾಟ, ಒಟ್ಟು 39,984. ಎಸೆನ್ಷಿಯಲ್ ಚಂದಾ 15,796. ಕಂಟ್ರೋಲರ್ 6,000. ಕರೆಂಟು 3,066. ರಿಪೇರಿ 4,000. ಮಾರಿದರೆ 20,000 ವಾಪಸ್. ಉಳಿದದ್ದು ₹1,03,836, ಗಂಟೆಗೆ ₹47.

ಪಿಎಸ್5 ಡಿಜಿಟಲ್: ಪೆಟ್ಟಿಗೆ 44,990. ಅಷ್ಟೇ ಆಟ, ಎರಡು ಪೂರ್ತಿ ಬೆಲೆಗೆ, ಎರಡು ಸೇಲಿನಲ್ಲಿ ಅರ್ಧಕ್ಕೆ, ಒಟ್ಟು 59,992. ಚಂದಾ, ಕಂಟ್ರೋಲರ್, ಕರೆಂಟು, ರಿಪೇರಿ ಅಷ್ಟೇ. ಮಾರಿದರೆ 15,000. ಉಳಿದದ್ದು ₹1,18,844, ಗಂಟೆಗೆ ₹54. ಹತ್ತು ಸಾವಿರ ಕಡಿಮೆಯ ಪೆಟ್ಟಿಗೆ ಹದಿನೈದು ಸಾವಿರ ಹೆಚ್ಚು ತಿಂದಿತು.

ಸೀರೀಸ್ ಎಸ್: ಪೆಟ್ಟಿಗೆ 40,000. ಗೇಮ್ ಪಾಸ್ ಪ್ರೀಮಿಯಂ 33,552. ವರ್ಷಕ್ಕೆ ಒಂದು ಆಟ ಸ್ವಂತಕ್ಕೆ, 16,000. 1 ಟಿಬಿ ಕಾರ್ಡ್ 15,000. ಕಂಟ್ರೋಲರ್ ಮತ್ತು ಸೆಲ್ 8,000. ಕರೆಂಟು 1,150. ರಿಪೇರಿ 4,000. ಮಾರಿದರೆ 10,000. ಉಳಿದದ್ದು ₹1,07,702, ಗಂಟೆಗೆ ₹49. ಅಲ್ಟಿಮೇಟ್ ಕಟ್ಟಿದರೆ ₹1,40,822, ಗಂಟೆಗೆ ₹64. ಸ್ಟೋರೇಜ್ ಕಾರ್ಡ್ ಬಿಟ್ಟು ಪ್ರೀಮಿಯಂನಲ್ಲೇ ಸುಧಾರಿಸಿಕೊಂಡರೆ ₹92,702ಕ್ಕೆ ಇಳಿಯುತ್ತದೆ, ಆಗ ಡಿಸ್ಕ್ ಪಿಎಸ್5ಗಿಂತಲೂ ಅಗ್ಗ.

ಸ್ವಿಚ್ 2: ಪೆಟ್ಟಿಗೆ 50,000. ವರ್ಷಕ್ಕೆ ನಾಲ್ಕು ಕಾರ್ಟ್ರಿಜ್, ಮಾರಿದ ಮೇಲೆ ಒಂದಕ್ಕೆ 2,000 ನಷ್ಟದಂತೆ 32,000. ಚಂದಾ 7,000. ಕಾರ್ಡ್ 6,000. ಪ್ರೋ ಕಂಟ್ರೋಲರ್ 7,500. ಕರೆಂಟು 300. ವಾರಂಟಿ ಇಲ್ಲದ್ದರಿಂದ ರಿಪೇರಿಗೆ 8,000. ಮಾರಿದರೆ 25,000. ಉಳಿದದ್ದು ₹85,800, ಗಂಟೆಗೆ ₹39.

ಸಂಖ್ಯೆಗಳನ್ನು ಹಾಗೇ ನಂಬಬೇಡಿ, ತಿರುಗಿಸಿ ನೋಡಿ. ವರ್ಷಕ್ಕೆ ಒಂದೇ ಆಟ ಕೊಳ್ಳುವವರಿಗೆ ಡಿಸ್ಕಿನ ಲಾಭ ಕರಗುತ್ತದೆ. ಆನ್‌ಲೈನ್ ಆಡದವರ ಪಿಎಸ್5 ಲೆಕ್ಕದಲ್ಲಿ 15,796 ಪೂರ್ತಿ ಹೋಗುತ್ತದೆ. ಯಾವ ಎರಡು ಬಾಬತ್ತು ಬದಲಿಸಿದರೆ ಮೊತ್ತ ಹೆಚ್ಚು ಅಲುಗಾಡುತ್ತದೋ ನೋಡಿ. ಬಹುಪಾಲು ಮನೆಗಳಲ್ಲಿ ಅವು ಆಟ ಮತ್ತು ಚಂದಾ, ಪೆಟ್ಟಿಗೆ ಅಲ್ಲ.

ಹಂತ 11: ದುಡ್ಡು ಕೊಡುವಾಗ

“ನೋ ಕಾಸ್ಟ್ ಇಎಂಐ” ಪೂರ್ತಿ ಪುಕ್ಕಟೆಯಲ್ಲ. ಬಡ್ಡಿಯಷ್ಟನ್ನು ರಿಯಾಯಿತಿಯಾಗಿ ಮೊದಲೇ ಕೊಡುತ್ತಾರೆ, ಆದರೆ ಆ ಬಡ್ಡಿಯ ಮೇಲಿನ ಶೇ 18 ಜಿಎಸ್‌ಟಿ ನಿಮ್ಮ ತಲೆಗೆ. ₹54,990ಕ್ಕೆ ಒಂಬತ್ತು ಕಂತು, ಬಡ್ಡಿ ಶೇ 16 ಎಂದರೆ ಅದು ಸುಮಾರು ₹630. ಬ್ಯಾಂಕು ₹199 ಸಂಸ್ಕರಣಾ ಶುಲ್ಕ ಹಾಕಿದರೆ ಅದರ ಜಿಎಸ್‌ಟಿಯೂ ಸೇರಿ ಒಟ್ಟು ₹865.

ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ

ಮಾರುವವರ ಮನೆಯಲ್ಲೇ, ಟಿವಿಗೆ ಹಾಕಿಸಿ, ಕನಿಷ್ಠ ಮುಕ್ಕಾಲು ಗಂಟೆ ಭಾರೀ ಆಟವೊಂದನ್ನು ಓಡಿಸಿ. ಕೆಟ್ಟ ಪಿಎಸ್5 ಹೆಚ್ಚಾಗಿ ಬಿಸಿಯಾದ ಮೇಲೆಯೇ ಆಫ್ ಆಗುತ್ತದೆ. ಎಚ್‌ಡಿಎಂಐ ಕೇಬಲ್ ಮೆಲ್ಲಗೆ ಅಲುಗಾಡಿಸಿ, ಚಿತ್ರ ಮಿನುಗಿದರೆ ಪೋರ್ಟ್ ಹೋಗಿದೆ. ಡಿಸ್ಕ್ ಹಾಕಿ ತೆಗೆಯಿರಿ. ಹಳೆಯ ದಪ್ಪ ಪಿಎಸ್5ನಲ್ಲಿ ಡ್ರೈವ್ ಆ ಮದರ್‌ಬೋರ್ಡಿಗೇ ಜೋಡಿಯಾಗಿರುತ್ತದೆ, ಬೇರೆ ಕನ್ಸೋಲಿನ ಡ್ರೈವ್ ತಂದು ಹಾಕಿದರೆ ಡಿಸ್ಕ್ ಓದುವುದಿಲ್ಲ. ಕಂಟ್ರೋಲರಿನ ಎರಡೂ ಕಡ್ಡಿ ಮುಟ್ಟದೆ ಬಿಟ್ಟು ಮೆನು ತಾನಾಗಿ ಸರಿಯುತ್ತದೆಯೇ ನೋಡಿ.

ನಂತರ ಇಂಟರ್ನೆಟ್ಟಿಗೆ ಜೋಡಿಸಿ ನಿಮ್ಮದೇ ಅಕೌಂಟಿನಿಂದ ಸ್ಟೋರ್ ತೆರೆಯಿರಿ. ಕಂಪನಿಯಿಂದ ನಿಷೇಧಕ್ಕೊಳಗಾದ ಪೆಟ್ಟಿಗೆಯಾದರೆ ಇಲ್ಲೇ ಗೊತ್ತಾಗುತ್ತದೆ. ಹಿಂದಿನವರು ತಮ್ಮ ಅಕೌಂಟ್ ತೆಗೆದು ಪೂರ್ತಿ ರೀಸೆಟ್ ಮಾಡಿ ಕೊಡಲಿ. ಮೇಲಿನ ಸ್ಕ್ರೂ ತೆಗೆದ ಗುರುತಿದ್ದರೆ ಯಾಕೆ ಬಿಚ್ಚಿದ್ದು ಎಂದು ಕೇಳಿ: ಪಿಎಸ್5ನ ಪ್ರೊಸೆಸರ್ ಮೇಲೆ ಪೇಸ್ಟ್ ಬದಲು ದ್ರವ ಲೋಹ ಇರುತ್ತದೆ, ತಿಳಿಯದವರು ಬಿಚ್ಚಿದರೆ ಅದು ಹರಿದು ಬೋರ್ಡು ಶಾರ್ಟ್ ಆಗಬಹುದು. ಧೂಳು ತೆಗೆಯಲೆಂದು ಪಕ್ಕದ ಮುಚ್ಚಳ ಮಾತ್ರ ತೆಗೆದಿದ್ದರೆ ಚಿಂತೆಯಿಲ್ಲ. ಮೂಲ ಬಿಲ್ ಇಲ್ಲದಿದ್ದರೆ ವಾರಂಟಿ ಉಳಿದಿದೆ ಎಂಬ ಮಾತಿಗೆ ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ.